ಪಾರ್ಶ್ವವಾಯುವಿನ ನಂತರ ಹಲವು ಚಿಕಿತ್ಸೆಗಳನ್ನು ಹೊಂದಿಸುವ ಕ್ರಮ

ಪಾರ್ಶ್ವವಾಯುವಿನಿಂದ ಚೇತರಿಸಿಕೊಳ್ಳುತ್ತಿರುವವರಿಗೆ ಫಿಸಿಯೋಥೆರಪಿ, ದಿನನಿತ್ಯದ ಕೆಲಸಗಳನ್ನು ಮತ್ತೆ ರೂಢಿಸುವ ಆಕ್ಯುಪೇಷನಲ್ ಥೆರಪಿ, ಸ್ಪೀಚ್ ಥೆರಪಿ, ಆಪ್ತಸಮಾಲೋಚನೆ ಎಲ್ಲವೂ ಬೇಕಾಗಬಹುದು. ಆದರೆ ಇವನ್ನೆಲ್ಲ ದಿನಚರಿಯಲ್ಲಿ ತುಂಬಿದ ಮಾತ್ರಕ್ಕೆ ಅದು ಸಂಯೋಜಿತ ಚಿಕಿತ್ಸೆ ಆಗುವುದಿಲ್ಲ. ಮೊದಲು ರೋಗಿಯೇ ಒಪ್ಪಿದ ಒಂದು ಗುರಿಯನ್ನು ಬರೆದಿಡಬೇಕು. ‘ಕೈಯ ಬಲ ಹೆಚ್ಚಬೇಕು’ ಎಂಬುದಕ್ಕಿಂತ ‘ಯಾರ ನೆರವೂ ಇಲ್ಲದೆ ಬಟ್ಟೆ ತೊಡಬೇಕು’ ಎಂಬ ಗುರಿ ಮೇಲು. ಅದರಲ್ಲಿ ಕುಳಿತಾಗಿನ ಸಮತೋಲನ, ಬೆರಳುಗಳ ಬಳಕೆ, ಕೆಲಸದ ಹಂತಗಳ ನೆನಪು ಮೂರೂ ಸೇರಿರುವುದರಿಂದ ಪ್ರತಿಯೊಬ್ಬ ಚಿಕಿತ್ಸಕರ ಪಾಲೂ ಸ್ಪಷ್ಟವಾಗುತ್ತದೆ.

ಆರಂಭದ ಸ್ಥಿತಿಯನ್ನು ಅಳೆಯಲು ಬಾರ್ಥೆಲ್ ಸೂಚ್ಯಂಕವನ್ನು ಬಳಸಬಹುದು. ಅದು ದೈನಂದಿನ 10 ಚಟುವಟಿಕೆಗಳಿಗೆ ಒಟ್ಟು 100 ಅಂಕ ನೀಡುತ್ತದೆಯಾದರೂ ಮಾತನ್ನಾಗಲಿ ಮನಃಸ್ಥಿತಿಯನ್ನಾಗಲಿ ಅಳೆಯುವುದಿಲ್ಲ. ಅವನ್ನು ಬೇರೆಯಾಗಿ ಪರೀಕ್ಷಿಸಬೇಕು. ನುಂಗುವ ಸಾಮರ್ಥ್ಯದ ತಪಾಸಣೆ ಮುಗಿಯುವವರೆಗೆ ಬಾಯಿಯ ಮೂಲಕ ನೀರನ್ನೂ ಕೊಡಬಾರದು.

ಅತ್ಯಂತ ಕಷ್ಟದ ಪ್ರಶ್ನೆ ಸಮಯದ್ದು. ರೋಗಿಯನ್ನು ಹಾಸಿಗೆಯಿಂದ ಬೇಗ ಎಬ್ಬಿಸಿದಷ್ಟೂ ಒಳ್ಳೆಯದೆಂಬ ನಂಬಿಕೆ ಪೂರ್ತಿ ಸರಿಯಲ್ಲ: 2015ರಲ್ಲಿ ಪ್ರಕಟವಾದ ‘ಅವರ್ಟ್’ ಅಧ್ಯಯನದಲ್ಲಿ, ಮೊದಲ 24 ಗಂಟೆಯೊಳಗೆ ಪದೇ ಪದೇ ಎಬ್ಬಿಸಿ ತೀವ್ರವಾಗಿ ಚಲನೆ ಮಾಡಿಸಿದವರಲ್ಲಿ ಮೂರು ತಿಂಗಳ ನಂತರದ ಫಲಿತಾಂಶ ಸಾಮಾನ್ಯ ಆರೈಕೆ ಪಡೆದವರಿಗಿಂತ ಹಿಂದೆ ಬಿದ್ದಿತ್ತು. ಆದ್ದರಿಂದ ತಜ್ಞರು ಒಪ್ಪಿದ ಮೇಲೆ, ಸ್ವಲ್ಪ ಸ್ವಲ್ಪವಾಗಿ ಆರಂಭಿಸಬೇಕು. ಸ್ನಾಯುಗಳ ಬಿಗಿತಕ್ಕೆ ಬೊಟುಲಿನಮ್ ಟಾಕ್ಸಿನ್ ಚುಚ್ಚುಮದ್ದು ಕೊಟ್ಟಿದ್ದರೆ, ಅದರ ಪರಿಣಾಮ ಕೆಲವು ದಿನಗಳಲ್ಲಿ ಕಾಣಿಸಿಕೊಂಡು ಸುಮಾರು ಮೂರು ತಿಂಗಳಲ್ಲಿ ಇಳಿಯುತ್ತದೆ. ಸ್ನಾಯುಗಳನ್ನು ಹಿಗ್ಗಿಸುವ ವ್ಯಾಯಾಮವನ್ನೂ ಕೈ ಬಳಕೆಯ ಅಭ್ಯಾಸವನ್ನೂ ಈ ಅವಧಿಯಲ್ಲೇ ಹೆಚ್ಚಿಸದಿದ್ದರೆ ಚುಚ್ಚುಮದ್ದಿನ ಪ್ರಯೋಜನ ಬಹುಪಾಲು ಕೈತಪ್ಪುತ್ತದೆ. ದಣಿವು ಸಾಮಾನ್ಯವಾದ್ದರಿಂದ, ಗುರಿಗೆ ಅತಿ ಅಗತ್ಯವಾದ ಅಭ್ಯಾಸವನ್ನು ರೋಗಿ ಚುರುಕಾಗಿರುವ ಹೊತ್ತಿಗೆ ಇಡಬೇಕು.

ಒಂದು ಚಿಕಿತ್ಸೆಯ ಪಾಠ ಇನ್ನೊಂದರೊಳಗೆ ಇಳಿಯಬೇಕು. ಮಾತು ಅರ್ಥವಾಗುವುದು ಕಷ್ಟವಾಗಿರುವವರಿಗೆ ಸ್ಪೀಚ್ ಥೆರಪಿಸ್ಟ್ ಸೂಚಿಸಿದ ಚಿಕ್ಕ ವಾಕ್ಯಗಳನ್ನೂ ಸನ್ನೆಗಳನ್ನೂ ಫಿಸಿಯೋಥೆರಪಿಸ್ಟ್ ಸಹ ಬಳಸಬೇಕು. ಬಲಹೀನವಾದ ತೋಳನ್ನು ಹಿಡಿದೆಳೆದರೆ ಭುಜಕ್ಕೆ ಪೆಟ್ಟಾಗುವ ಅಪಾಯವಿರುವುದರಿಂದ, ರೋಗಿಯನ್ನು ಎತ್ತಿ ಕೂರಿಸುವ ರೀತಿ ಮನೆಯವರೂ ಸೇರಿದಂತೆ ಎಲ್ಲರದೂ ಒಂದೇ ಆಗಿರಬೇಕು.

ಪ್ರಗತಿ ನಿಂತಾಗ ವ್ಯಾಯಾಮ ಹೆಚ್ಚಿಸುವುದು ಸಾಮಾನ್ಯ ಪ್ರತಿಕ್ರಿಯೆ. ನನ್ನ ಅಭಿಪ್ರಾಯದಲ್ಲಿ ಮೊದಲು ನೋವು, ನಿದ್ರೆ ಮತ್ತು ಖಿನ್ನತೆಯನ್ನು ವಿಚಾರಿಸಬೇಕು, ಏಕೆಂದರೆ ಪಾರ್ಶ್ವವಾಯುವಿನ ನಂತರ ಸುಮಾರು ಮೂವರಲ್ಲಿ ಒಬ್ಬರನ್ನು ಖಿನ್ನತೆ ಕಾಡುತ್ತದೆ. ಚಿಕಿತ್ಸಕರೆಲ್ಲ ವಾರಕ್ಕೊಮ್ಮೆಯಾದರೂ ಒಟ್ಟಿಗೆ ಕುಳಿತು, ಗುರಿಗೆ ನೆರವಾಗದ ಅಭ್ಯಾಸವನ್ನು ಕೈಬಿಟ್ಟು, ಉಳಿದ ಹೊತ್ತನ್ನು ವಿಶ್ರಾಂತಿಗೆ ಕೊಡಬೇಕು.