ಮೈಮೇಲೆ ಬಿಳಿ ಹೊಟ್ಟು ಕಂಡರೆ, ಮೊದಲು ನೋಡಿ, ಆಮೇಲೆ ಹಚ್ಚಿ

ನಮ್ಮ ಕೊಡಗಿನಲ್ಲಿ ಸುಗ್ಗಿ ಹಬ್ಬ ಹುತ್ತರಿ ಕಳೆದು ಕಾಫಿ ಕೊಯ್ಲು ಶುರುವಾದರೆ ಸಾಕು, ನಮ್ಮ ಮನೆಯಲ್ಲಿ ಎಲ್ಲರ ಮೊಣಕಾಲ ಕೆಳಗೆ ಚರ್ಮ ಒಡೆಯುತ್ತದೆ. ಉಗುರಿನಲ್ಲಿ ಗೀರಿದರೆ ಬಿಳಿ ಗೆರೆ. ಕಪ್ಪು ಪ್ಯಾಂಟು ತಿರುಗಿಸಿ ಕೊಡವಿದರೆ ಅಕ್ಕಿಹಿಟ್ಟಿನ ಹಾಗೆ ಪುಡಿ ಉದುರುತ್ತದೆ.

ಇದರಲ್ಲಿ ಚಳಿಯಷ್ಟೇ ಪಾಲು ಬಚ್ಚಲ ಹಂಡೆಯದ್ದೂ ಇದೆ. ಹೊರಗೆ ಮಂಜು, ಒಳಗೆ ಸೌದೆ ಒಲೆಯ ಸುಡುನೀರು, ಏಳೋಕೇ ಮನಸ್ಸು ಬರಲ್ಲ ಅಲ್ವಾ? ಆದರೆ ಸುಡುನೀರೂ ಸೋಪೂ ಸೇರಿ ಚರ್ಮದ ಜಿಡ್ಡನ್ನೆಲ್ಲ ತೆಗೆದುಬಿಡುತ್ತವೆ. ಉಗುರುಬೆಚ್ಚಗಿನ ನೀರಿನಲ್ಲಿ 10 ನಿಮಿಷ ಸಾಕು. ಸೋಪು ಕಂಕುಳು, ತೊಡೆಸಂದು, ಪಾದಕ್ಕೆ ಇರಲಿ. ನಾರು ಹಾಕಿ ತಿಕ್ಕಬೇಡಿ. ಟವೆಲಿನಲ್ಲಿ ಮೆಲ್ಲಗೆ ಒತ್ತಿ, ಮೈ ಇನ್ನೂ ಪಸೆ ಇರುವಾಗಲೇ ಕೊಬ್ಬರಿ ಎಣ್ಣೆಯನ್ನೋ ವ್ಯಾಸಲೀನನ್ನೋ ಹಚ್ಚಿ. ಎಣ್ಣೆ ಚರ್ಮಕ್ಕೆ ನೀರು ಕೊಡುವುದಿಲ್ಲ, ಇರುವ ನೀರು ಹೋಗದಂತೆ ತಡೆಯುತ್ತದೆ. ಒಣಗಿದ ಮೇಲೆ ಎಷ್ಟು ಸುರಿದರೂ ಅಷ್ಟಕ್ಕಷ್ಟೇ.

ತಲೆಹೊಟ್ಟಿಗೆ ಮಾತ್ರ ಈ ಲೆಕ್ಕ ನಡೆಯದು. ಮಗಳ ತಲೆ ಒಣಗಿದೆ ಅಂದುಕೊಂಡು ವರ್ಷಗಟ್ಟಲೆ ರಾತ್ರಿ ಎಣ್ಣೆ ಹಾಕಿ ಮಲಗಿಸಿದವಳು ನಾನು. ಹೊಟ್ಟು ಜಾಸ್ತಿಯೇ ಆಯಿತು. ಎಲ್ಲರ ತಲೆಯಲ್ಲೂ ಇರುವ ಒಂದು ಬಗೆಯ ಶಿಲೀಂಧ್ರಕ್ಕೆ ಜಿಡ್ಡೇ ಊಟ ಅಂತ ಡಾಕ್ಟರು ಹೇಳಿದ ಮೇಲೆ ಗೊತ್ತಾಯಿತು. ಆ ಶಿಲೀಂಧ್ರವನ್ನು ಹತ್ತಿಕ್ಕುವ ಕೀಟೋಕೊನಜೋಲ್ ಶಾಂಪೂ ವಾರಕ್ಕೆ 2 ಸಲ ಹಚ್ಚಿ, 5 ನಿಮಿಷ ಬಿಟ್ಟು ತೊಳೆದೆವು. ತಿಂಗಳೊಳಗೆ ತಲೆ ತಿಳಿಯಾಯಿತು.

ಜುಲೈ-ಆಗಸ್ಟಿನ ಕಕ್ಕಡ ತಿಂಗಳ ಮಳೆಯಲ್ಲಿ ಬಟ್ಟೆ ಒಣಗದೆ ಬರುವ ಹುಳುಕಡ್ಡಿಯೂ ಹೊಟ್ಟು ಬಿಡುತ್ತದೆ. ಉಂಗುರದ ಹಾಗೆ ಅಂಚು ಕೆಂಪಗೆ, ನಡುವೆ ತಿಳಿಯಾಗಿದ್ದರೆ ಸಾಮಾನ್ಯವಾಗಿ ಅದೇ. ಅಂಗಡಿಯಲ್ಲಿ ಕೇಳಿ ಸ್ಟೀರಾಯ್ಡ್ ಸೇರಿದ ಮುಲಾಮು ತರಬೇಡಿ. ಎರಡು ದಿನ ತುರಿಕೆ ನಿಲ್ಲುತ್ತದೆ, ಆಮೇಲೆ ಇನ್ನೂ ಅಗಲಕ್ಕೆ ಹಬ್ಬುತ್ತದೆ. ಟವೆಲು ಬೇರೆ ಮಾಡಿ, ಒಳಬಟ್ಟೆ ಪೂರ್ತಿ ಒಣಗಿಸಿ ಇಸ್ತ್ರಿ ಹಾಕಿ.

ಮೊಣಕೈ, ಮಂಡಿ, ನೆತ್ತಿಯಲ್ಲಿ ದಪ್ಪ ಪದರ, ಮೇಲೆ ಬೆಳ್ಳಿ ಬಣ್ಣದ ಪೊರೆ ಎದ್ದರೆ ಸೋರಿಯಾಸಿಸ್ ಇರಬಹುದು. ನನ್ನ ತಮ್ಮನಿಗಿದೆ. ಒಮ್ಮೆ ಮದುವೆ ಮನೆಯಲ್ಲಿ ಅವನು ಊಟಕ್ಕೆ ಕೂತಾಗ ಪಕ್ಕದವರು ಎಲೆ ಬಿಟ್ಟು ಎದ್ದು ಆಚೆ ಹೋದರು. ಅವನು ತೋಳು ಕೆಳಗಿಳಿಸಿಕೊಂಡು ಸುಮ್ನೆ ಕೂತಿದ್ದ. ಇದು ಮುಟ್ಟಿದರೆ ಅಂಟುವ ರೋಗವೇ ಅಲ್ಲ. ಒಂದು ತಿಂಗಳಲ್ಲಿ ಹೊಸದಾಗಬೇಕಾದ ಚರ್ಮ ಕೆಲವೇ ದಿನಗಳಲ್ಲಿ ಬೆಳೆದು ಮೇಲೆ ಬರುತ್ತದೆ, ಅದಕ್ಕೇ ಪೊರೆ. ಅದನ್ನು ಕಿತ್ತರೆ ರಕ್ತ ಬರುತ್ತದೆ. ಕೊಯ್ಲಿನಲ್ಲಿ ಕೊಂಬೆ ತರಚಿದ ಜಾಗದಲ್ಲೂ ಹೊಸ ಕಲೆ ಏಳಬಹುದು, ಹಾಗಾಗಿ ತೋಟಕ್ಕೆ ಹೋಗುವಾಗ ಅವನಿಗೆ ತುಂಬುತೋಳಿನ ಅಂಗಿಯೇ. ಬೆಳಿಗ್ಗೆ ಬೆರಳು ಬಿಗಿದುಕೊಂಡು ಊದಿದರೆ ಅದನ್ನೂ ಚರ್ಮದ ಡಾಕ್ಟರ ಹತ್ತಿರವೇ ಹೇಳಿ. ಈ ಕಾಯಿಲೆ ಕೆಲವರಲ್ಲಿ ಕೀಲಿಗೂ ಇಳಿಯುತ್ತದೆ.