ತೋಪು ಸಿನಿಮಾವನ್ನು ಮನಸಾರೆ ನೋಡುವುದು ಹೇಗೆ?

ಕೆಲವು ಸಿನಿಮಾ ಕೆಟ್ಟದಾಗಿವೆ ಅಂತ ಗೊತ್ತಿದ್ದರೂ ಬಿಡೋಕಾಗಲ್ಲ. ನನಗೆ ಹಾಗಿರುವುದು 1980ರ ಹಾಲಿವುಡ್ ಮ್ಯೂಸಿಕಲ್ ‘ಝಾನಡು’. ಒಬ್ಬರೇ ಕೂತು ಮೊಬೈಲಲ್ಲಿ ನೋಡಿದರೆ ಅರ್ಧಕ್ಕೇ ಆಫ್ ಮಾಡುತ್ತೀರಿ. ಇದನ್ನು ನೋಡುವ ಕ್ರಮವೇ ಬೇರೆ.

ಮೊದಲು ಜನ ಬೇಕು. ಐದಾರು ಮಂದಿ ಸಾಕು, ಆದರೆ ಪ್ರತಿ ಸೀನಿಗೂ ಲಾಜಿಕ್ ಕೇಳುವವರು ಬೇಡ. ಮಂಡ್ಯ ಕಡೆಯ ಹಳ್ಳಿಗಳಲ್ಲಿ ರಾತ್ರಿಯಿಡೀ ಕುರುಕ್ಷೇತ್ರ ನಾಟಕ ನೋಡಿ ಬೆಳೆದವರಿದ್ದರೆ ಅವರನ್ನೇ ಮೊದಲು ಕರೆಯಿರಿ. ಸಿಟ್ಟಿನಲ್ಲಿ ಗದೆ ಎತ್ತಿದ ದುರ್ಯೋಧನ ಅಲ್ಲೇ ನಿಂತು, ಹಾರ್ಮೋನಿಯಂ ಮೇಷ್ಟ್ರ ಕಡೆ ತಿರುಗಿ ಹಾಡು ಶುರು ಮಾಡಿದರೆ ಅವರಿಗೆ ಅದು ವಿಚಿತ್ರ ಅನಿಸುವುದಿಲ್ಲ, ಹಾಡು ಹಿಡಿಸಿದರೆ ‘ಒನ್ಸ್ ಮೋರ್’ ಅಂತ ಕೂಗುತ್ತಾರೆ. ನಿಮ್ಮ ಕೈಯಲ್ಲಿ ರಿಮೋಟ್ ಇದೆ. ನೀವೂ ಕೂಗಿ, ಹಾಡನ್ನು ಮತ್ತೆ ಹಾಕಿ.

ಕಥೆಯನ್ನು ಮೊದಲೇ ಹೇಳಿಬಿಡಿ. ಗ್ರೀಕ್ ಪುರಾಣದ ಕಲಾದೇವತೆಯರು ಗೋಡೆ ಮೇಲಿನ ಚಿತ್ರದಿಂದ ಎದ್ದು ಬರುತ್ತಾರೆ. ಅವರಲ್ಲಿ ಒಬ್ಬಳು (ಆ ಪಾತ್ರ ಮಾಡಿದವರು ಗಾಯಕಿ ಒಲಿವಿಯಾ ನ್ಯೂಟನ್-ಜಾನ್) ಸ್ಕೇಟ್ಸ್ ಕಟ್ಟಿಕೊಂಡು ಲಾಸ್ ಏಂಜಲೀಸ್ ಸುತ್ತುತ್ತಾ ಒಬ್ಬ ಚಿತ್ರಕಾರನಿಗೆ ಮನಸೋಲುತ್ತಾಳೆ. ಊರ್ವಶಿ, ಪುರೂರವರ ಕಥೆ ಗೊತ್ತಿರುವ ನಮಗೆ ಇದೇನೂ ಹೊಸದಲ್ಲ, ಅಲ್ವಾ? ಕೊನೆಗೆ ಒಂದು ಹಳೇ ಕಟ್ಟಡ ರೋಲರ್ ಡಿಸ್ಕೋ, ಅಂದರೆ ಸ್ಕೇಟ್ಸ್ ಹಾಕಿಕೊಂಡು ಕುಣಿಯುವ ಜಾಗ, ಆಗುತ್ತದೆ. ಅಷ್ಟೇ ಕಥೆ.

ಸೌಂಡಿಗೆ ಮಾತ್ರ ಜಿಪುಣತನ ಬೇಡ. ಒಳ್ಳೇ ಸ್ಪೀಕರ್ ಯಾರ ಹತ್ತಿರ ಇದೆಯೋ ಅವರ ಮನೆಯಲ್ಲೇ ಸೇರಿ. ವಿಮರ್ಶಕರು ಸಿನಿಮಾವನ್ನು ಬೈದರೂ ಹಾಡುಗಳು ಗೆದ್ದವು. ‘ಮ್ಯಾಜಿಕ್’ ಅಮೆರಿಕದಲ್ಲಿ ನಂಬರ್ ಒನ್ ಆಯಿತು, ಟೈಟಲ್ ಹಾಡು ಬ್ರಿಟನ್ನಿನಲ್ಲಿ. ತಿನ್ನೋಕೆ ಚುರುಮುರಿ ಇರಲಿ, ಆದರೆ ಹಾಡು ಶುರುವಾದ ಮೇಲೆ ಅಡುಗೆಮನೆಗೆ ಹೋಗಬೇಡಿ.

ಅದರಲ್ಲೂ ‘ಡ್ಯಾನ್ಸಿನ್’ ಹಾಡು ಬಂದಾಗ ಎಲ್ಲರೂ ಟಿವಿ ಮುಂದೆ ಇರಬೇಕು. ಖಾಲಿ ಹಾಲ್‌ನಲ್ಲಿ ಇಬ್ಬರು ನಿಂತಿದ್ದಾರೆ, ಆ ಚಿತ್ರಕಾರ ಹುಡುಗ ಮತ್ತು ಅವನ ಜೊತೆಗಾರನಾದ ಒಬ್ಬ ಹಿರಿಯ. ಹಿರಿಯನ ಕಣ್ಣಿಗೆ 1940ರ ದಶಕದ ಬ್ಯಾಂಡು, ಸೂಟು, ತುತ್ತೂರಿ ಕಾಣುತ್ತದೆ. ಹುಡುಗನಿಗೆ ರಾಕ್ ಗಿಟಾರು. ಎರಡೂ ಬೇರೆ ಬೇರೆ ವೇದಿಕೆ, ಬೇರೆ ಬೇರೆ ಹಾಡು. ಆಮೇಲೆ ಆ ಎರಡು ವೇದಿಕೆಗಳೂ ನಿಧಾನಕ್ಕೆ ಜರುಗುತ್ತಾ ಬಂದು ಒಂದರೊಳಗೊಂದು ಸೇರಿಕೊಳ್ಳುತ್ತವೆ, ಎರಡು ಹಾಡೂ ಒಟ್ಟಿಗೇ ಓಡುತ್ತವೆ, ಯಾರು ಯಾವ ತಾಳಕ್ಕೆ ಕುಣಿಯುತ್ತಿದ್ದಾರೆ ಅಂತಲೇ ಗೊತ್ತಾಗುವುದಿಲ್ಲ. ಅತಿಯಾಯಿತು ಅನಿಸುತ್ತದೆ, ಆದರೂ ಮೈ ಜುಂ ಅನ್ನುತ್ತದೆ. ಇಂಥದ್ದನ್ನು ಅರೆಮನಸ್ಸಿನಿಂದ ಯಾರೂ ಮಾಡಲಾರರು.

ಅದಕ್ಕೇ ಹೇಳುವುದು, ಸುಮ್ನೆ ಗೇಲಿ ಮಾಡೋಕೆ ಅಂತ ಕೂರಬೇಡಿ. ನಗು ಬಂದರೆ ಜೋರಾಗಿ ನಗಿ, ಅದು ತಪ್ಪಲ್ಲ. ಆದರೆ ಆ ಹಿರಿಯನ ಪಾತ್ರ ಮಾಡಿರುವುದು ಹಾಲಿವುಡ್ ಮ್ಯೂಸಿಕಲ್‌ಗಳ ಹೆಸರಾಂತ ನಟ, ನೃತ್ಯಗಾರ ಜೀನ್ ಕೆಲ್ಲಿ. ಅರವತ್ತು ದಾಟಿದ ಮೇಲೆ, ಸಿನಿಮಾದಲ್ಲಿ ನಟನಾಗಿ ತನ್ನ ಕೊನೆಯ ಪಾತ್ರದಲ್ಲಿ, ಆತ ಸ್ಕೇಟ್ಸ್ ಹಾಕಿಕೊಂಡು ನಗುತ್ತಾ ಬರುತ್ತಾರೆ. ಬೇಕಂತಲೇ ಕೆಟ್ಟದಾಗಿ ತೆಗೆದ ಸಿನಿಮಾಗಳಲ್ಲಿ ಈ ಸುಖ ಸಿಗುವುದಿಲ್ಲ. ಇಲ್ಲಿ ಎಲ್ಲರೂ ಪೂರ್ತಿ ನಂಬಿ ಮಾಡಿದ್ದಾರೆ, ನಮ್ಮನ್ನು ಹಿಡಿದು ಕೂರಿಸುವುದು ಅದೇ.

ಒಂದೇ ರಾತ್ರಿ ಇಂಥ ಎರಡು ಸಿನಿಮಾ ಹಾಕಬೇಡಿ. ಜಾನ್ ವಿಲ್ಸನ್ ಅನ್ನುವವರು ಇದನ್ನೂ ‘ಕಾಂಟ್ ಸ್ಟಾಪ್ ದ ಮ್ಯೂಸಿಕ್’ ಅನ್ನೂ ಒಂದೇ ಟಿಕೆಟ್ಟಿನಲ್ಲಿ ನೋಡಿ, ಕೆಟ್ಟ ಸಿನಿಮಾಗಳಿಗೆ ಕೊಡುವ ರ‍್ಯಾಝಿ ಪ್ರಶಸ್ತಿಯನ್ನೇ 1981ರಲ್ಲಿ ಶುರು ಮಾಡಿಬಿಟ್ಟರು. ಒಂದು ಸಿನಿಮಾ, ಒಂದೂವರೆ ಗಂಟೆ, ಅಷ್ಟು ಸಾಕು. ಮತ್ತೆ ಬೇಕು ಅನಿಸಿದರೆ 2007ರಲ್ಲಿ ನ್ಯೂಯಾರ್ಕಿನ ಬ್ರಾಡ್‌ವೇ ರಂಗಮಂದಿರದಲ್ಲಿ ನಾಟಕವಾಗಿ ಬಂದಾಗಿನ ಇದೇ ಹಾಡುಗಳನ್ನು ಹುಡುಕಿ ಕೇಳಿ.