ಎಚ್‌ಬಿಎ1ಸಿ ವರದಿಯನ್ನು ಸಿಬಿಸಿ ಜೊತೆಗಿಟ್ಟು ಓದುವ ಬಗೆ

‘ಮೂರು ತಿಂಗಳ ಸಕ್ಕರೆ’ ಎಂದೇ ರೂಢಿಯಾಗಿರುವ ಎಚ್‌ಬಿಎ1ಸಿ ಪರೀಕ್ಷೆಯು ರಕ್ತದ ಸಕ್ಕರೆಯನ್ನು ನೇರವಾಗಿ ಅಳೆಯುವುದಿಲ್ಲ. ಕೆಂಪು ರಕ್ತಕಣಗಳಲ್ಲಿರುವ ಹಿಮೋಗ್ಲೋಬಿನ್ನಿನ ಶೇಕಡಾ ಎಷ್ಟು ಭಾಗಕ್ಕೆ ಗ್ಲುಕೋಸ್ ಅಂಟಿಕೊಂಡಿದೆ ಎಂಬುದನ್ನು ಅಳೆಯುತ್ತದೆ. ಈ ಕಣಗಳ ಆಯಸ್ಸು ಸುಮಾರು 120 ದಿನ. ಅದು ಏರುಪೇರಾದರೆ ಸಕ್ಕರೆ ಇದ್ದಷ್ಟೇ ಇದ್ದರೂ ಎಚ್‌ಬಿಎ1ಸಿ ಬದಲಾಗುತ್ತದೆ. ಆದ್ದರಿಂದ ರಕ್ತಕಣಗಳ ಎಣಿಕೆ, ಗಾತ್ರ ಮುಂತಾದವನ್ನು ಹೇಳುವ ಸಿಬಿಸಿ ವರದಿಯನ್ನು ಪಕ್ಕದಲ್ಲಿ ಇಟ್ಟುಕೊಳ್ಳದೆ ಈ ಒಂದು ಅಂಕಿಯನ್ನು ಪೂರ್ತಿ ನಂಬುವುದು ಸರಿಯಲ್ಲ.

ಸಿಬಿಸಿಯಲ್ಲಿ ಮೊದಲು ಹಿಮೋಗ್ಲೋಬಿನ್ ನೋಡಿ. ಗಂಡಸರಲ್ಲಿ 13ಕ್ಕಿಂತ, ಗರ್ಭಿಣಿಯರಲ್ಲದ ಹೆಂಗಸರಲ್ಲಿ 12ಕ್ಕಿಂತ ಕಡಿಮೆಯಿದ್ದರೆ ರಕ್ತಹೀನತೆ ಇದೆ ಎಂದರ್ಥ. ಬಳಿಕ ಕಣದ ಸರಾಸರಿ ಗಾತ್ರವನ್ನು ಹೇಳುವ ಎಂಸಿವಿ ಮತ್ತು ಗಾತ್ರದ ಏರಿಳಿತವನ್ನು ಹೇಳುವ ಆರ್‌ಡಿಡಬ್ಲ್ಯು ಸಾಲುಗಳಿಗೆ ಬನ್ನಿ. ಎಂಸಿವಿ ಸಾಮಾನ್ಯವಾಗಿ 80ರಿಂದ 100ರೊಳಗೆ ಇರುತ್ತದೆ.

ಒಂದು ಉದಾಹರಣೆ ತೆಗೆದುಕೊಳ್ಳೋಣ. ಮಹಿಳೆಯೊಬ್ಬರ ಹಿಮೋಗ್ಲೋಬಿನ್ 9.4, ಎಂಸಿವಿ 68, ಆರ್‌ಡಿಡಬ್ಲ್ಯು 18. ಖಾಲಿ ಹೊಟ್ಟೆಯ ಸಕ್ಕರೆ 98, ಊಟದ ನಂತರದ್ದು 136. ಆದರೆ ಎಚ್‌ಬಿಎ1ಸಿ ಮಾತ್ರ 6.8. ಮಧುಮೇಹದ ಗಡಿ 6.5 ಆದ್ದರಿಂದ ಮನೆಯವರು ಗಾಬರಿಯಾಗುವುದು ಸಹಜ. ಆದರೆ ಸಣ್ಣ ಕಣಗಳೂ ಹೆಚ್ಚಿದ ಆರ್‌ಡಿಡಬ್ಲ್ಯುವೂ ಕಬ್ಬಿಣದ ಕೊರತೆಯತ್ತ ಬೆರಳು ಮಾಡುತ್ತವೆ, ಮತ್ತು ಆ ಕೊರತೆಯೇ ಎಚ್‌ಬಿಎ1ಸಿಯನ್ನು ಇರುವುದಕ್ಕಿಂತ ಮೇಲೆ ತೋರಿಸಬಲ್ಲದು. ದೇಹದ ಕಬ್ಬಿಣದ ಸಂಗ್ರಹವನ್ನು ತಿಳಿಸುವ ಫೆರಿಟಿನ್ ಪರೀಕ್ಷೆಯಿಂದ ಕೊರತೆಯನ್ನು ಖಚಿತಪಡಿಸಿಕೊಂಡು, ಚಿಕಿತ್ಸೆ ಮುಗಿದು ಕಣಗಳು ಹೊಸದಾದ ಮೇಲೆ ಮತ್ತೊಮ್ಮೆ ಅಳೆದು ನೋಡುವುದು ವಿವೇಕ. ಎಂಸಿವಿ ಕಡಿಮೆಯಿದ್ದೂ ಕೆಂಪು ಕಣಗಳ ಎಣಿಕೆ ಹೆಚ್ಚಿದ್ದರೆ ಥಲಸ್ಸೀಮಿಯಾ (ಹಿಮೋಗ್ಲೋಬಿನ್ ಸರಿಯಾಗಿ ತಯಾರಾಗದ ಆನುವಂಶಿಕ ಕಾಯಿಲೆ) ವಾಹಕತ್ವವನ್ನು ಶಂಕಿಸಬೇಕಾಗುತ್ತದೆ.

ಇದಕ್ಕಿಂತ ಅಪಾಯಕಾರಿಯಾದದ್ದು, ನನ್ನ ದೃಷ್ಟಿಯಲ್ಲಿ, ಸುಳ್ಳು ಸಮಾಧಾನ ಕೊಡುವ ಕಡಿಮೆ ಅಂಕಿ. ಕಣಗಳು ಬೇಗ ಒಡೆದುಹೋಗುವ ಕಾಯಿಲೆ, ಇತ್ತೀಚಿನ ರಕ್ತಸ್ರಾವ, ಮೂತ್ರಪಿಂಡದ ರೋಗಿಗಳಿಗೆ ಕೆಂಪು ಕಣಗಳ ಉತ್ಪತ್ತಿ ಹೆಚ್ಚಿಸಲು ಕೊಡುವ ಎರಿಥ್ರೋಪೊಯೆಟಿನ್ ಚುಚ್ಚುಮದ್ದು, ಇವೆಲ್ಲ ರಕ್ತದಲ್ಲಿ ಎಳೆಯ ಕಣಗಳ ಪಾಲನ್ನು ಹೆಚ್ಚಿಸುತ್ತವೆ. ಎಳೆಯ ಕಣಕ್ಕೆ ಸಕ್ಕರೆ ಅಂಟಲು ಸಮಯವೇ ಸಿಕ್ಕಿರುವುದಿಲ್ಲ. ಚಾಮರಾಜನಗರ, ಮೈಸೂರು ಭಾಗದ ಬುಡಕಟ್ಟು ಸಮುದಾಯಗಳಲ್ಲಿ ಕಂಡುಬರುವ, ಕೆಂಪು ಕಣಗಳು ಕುಡುಗೋಲಿನಂತೆ ಬಾಗುವ ಸಿಕಲ್ ಸೆಲ್ ಕಾಯಿಲೆ ಇರುವವರಿಗಂತೂ ಈ ಪರೀಕ್ಷೆ ಒಪ್ಪುವುದಿಲ್ಲ. ರಕ್ತ ಹಾಕಿಸಿಕೊಂಡ ಕೆಲವು ತಿಂಗಳವರೆಗೂ ಇದನ್ನು ನೆಚ್ಚಬಾರದು, ಏಕೆಂದರೆ ಆಗ ಅಳೆಯುವುದರಲ್ಲಿ ದಾನಿಯ ಕಣಗಳೂ ಸೇರಿರುತ್ತವೆ.

ಎಂಸಿವಿ 100 ದಾಟಿದ್ದರೆ, ಅದರಲ್ಲೂ ವರ್ಷಗಟ್ಟಲೆ ಸಕ್ಕರೆ ಕಾಯಿಲೆಯ ಮಾತ್ರೆಯಾದ ಮೆಟ್‌ಫಾರ್ಮಿನ್ ನುಂಗುತ್ತಿರುವವರು, ವಿಟಮಿನ್ ಬಿ12 ಕೊರತೆಯಿದೆಯೇ ಎಂದು ಪರೀಕ್ಷೆ ಮಾಡಿಸಿಕೊಳ್ಳಬೇಕು. ಕಾಲು ಜೋಮು ಹಿಡಿಯುವುದನ್ನೆಲ್ಲ ಸಕ್ಕರೆ ಕಾಯಿಲೆಯ ತಲೆಗೇ ಕಟ್ಟುವುದರಿಂದ ಈ ಕೊರತೆ ಎಷ್ಟೋ ಸಲ ಗಮನಕ್ಕೆ ಬರುವುದಿಲ್ಲ.

ಎಚ್‌ಬಿಎ1ಸಿಯೂ ಗ್ಲುಕೋಮೀಟರ್ ಅಂಕಿಗಳೂ ಹೊಂದುತ್ತವೆಯೇ ಎಂದು ತಾಳೆ ನೋಡಲು ಎಚ್‌ಬಿಎ1ಸಿಯನ್ನು 28.7ರಿಂದ ಗುಣಿಸಿ 46.7 ಕಳೆಯಿರಿ, 7 ಇದ್ದರೆ ಸರಾಸರಿ ಸಕ್ಕರೆ ಸುಮಾರು 154 ಬರುತ್ತದೆ. ದಿನದ ಬೇರೆ ಬೇರೆ ಹೊತ್ತಿನಲ್ಲಿ ಗ್ಲುಕೋಮೀಟರ್ ತೋರಿಸಿದ ಅಂಕಿಗಳು ಇದರಿಂದ ಬಹಳ ದೂರವಿದ್ದರೆ, ಮಾತ್ರೆಯ ಪ್ರಮಾಣವನ್ನು ನೀವೇ ಬದಲಿಸದೆ, ಎಚ್‌ಬಿಎ1ಸಿ, ಸಿಬಿಸಿ ಎರಡೂ ವರದಿಗಳನ್ನು ವೈದ್ಯರ ಮುಂದಿಟ್ಟು, ಕಳೆದ ಎರಡು ಮೂರು ವಾರಗಳ ಸ್ಥಿತಿಯನ್ನು ಕೆಂಪು ಕಣಗಳ ಹಂಗಿಲ್ಲದೆ ತಿಳಿಸುವ ಫ್ರುಕ್ಟೋಸಮೈನ್ ಪರೀಕ್ಷೆ ಬೇಕೇ ಎಂದು ಕೇಳಿ.